ಏಳನೇ ಬುಟ್ಟಿಯ ಸರಪಳಿ

...ಇಲ್ಲಕ್ಕಾ, ಇಲ್ಲ! ಮೊದಲು ಪೂರ್ತಿ ಕೇಳಿಸ್ಕೋ. ನಾನು ಡಿಸ್ಕ್ ಎಸೆದಿದ್ದು ನಿಜ. ಅದು ಭಾವನಿಗೆ ಬಡಿದಿದ್ದೂ ನಿಜ. ಅವರು ಸತ್ತಿದ್ದೂ... ಆಯ್ತು, ಅದೂ ನಿಜ. ಆದ್ರೆ ನಾನು ಬೇಕೂಂತ ಎಸೆದೆ ಅಂತ ಯಾರಾದ್ರೂ ಅಂದ್ರೆ ಅವರ ನಾಲಿಗೆ ಕಿತ್ತು ಕೈಗೆ ಕೊಡ್ತೀನಿ!

ಆ ಬಕೆಟ್ ಸ್ವಲ್ಪ ಆಚೆಗಿಡು. ಸೀಮೆಎಣ್ಣೆ ವಾಸನೆ ತಡ್ಕೊಳ್ಳೋಕಾಗ್ತಿಲ್ಲ. ಗಂಡನ ಹೆಣ ಈಗಿನ್ನೂ ಆಂಬುಲೆನ್ಸಲ್ಲಿ ಬೆಟ್ಟ ಇಳಿದಿದೆ, ನೀನು ಈ ಶೆಡ್ಡಲ್ಲಿ ಕೂತ್ಕೊಂಡು ತುಕ್ಕು ತೊಳೀತಿದೀಯಲ್ಲ! ...ಸರಿ, ಸರಿ, ಹಾಗೆ ನೋಡಬೇಡ. ತೊಳಿ. ಕೈಗೊಂದು ಕೆಲಸ ಇರಲಿ.

ಇನ್ಸ್‌ಪೆಕ್ಟರ್ ಹೊರಟಿದಾರಂತೆ. ಇನ್ನೇನು ಬಂದ್ಬಿಡ್ತಾರೆ. ನೀನು ಹೇಳ್ಬೇಕಾಗಿರೋದು ಒಂದೇ ಮಾತು ಅಕ್ಕ. 'ಸರಪಳಿ ಸದ್ದು ನಂಗೂ ಕೇಳಿಸ್ತು.' ಅಷ್ಟೇ! ಉಳಿದಿದ್ದು ನಾನು ನೋಡ್ಕೋತೀನಿ.

ಏನು, ಅವರಿಗೆ ಅರ್ಥ ಆಗಲ್ವಾ? ಬಿಡಿಸಿ ಹೇಳ್ತೀನಿ. ಕೇಳು, ನೀನೇ ಇನ್ಸ್‌ಪೆಕ್ಟರ್ ಅಂದ್ಕೋ. ಸಾರ್, ಇದು ನಮ್ಮ ಭಾವನ ಸ್ವಂತ ಬೆಟ್ಟ. ಬೆಟ್ಟದ ಮೇಲೆ ಹದಿನೆಂಟು ಕಂಬ. ಒಂದೊಂದು ಕಂಬಕ್ಕೂ ಒಂದು ಕಬ್ಬಿಣದ ಬುಟ್ಟಿ, ಬುಟ್ಟಿ ಮೇಲೆ ಸರಪಳಿ ಇಳಿಬಿಟ್ಟಿರುತ್ತೆ. ಡಿಸ್ಕ್ ಅಂದ್ರೆ ಗಟ್ಟಿ ಪ್ಲಾಸ್ಟಿಕ್ ತಟ್ಟೆ, ದೂರದಿಂದ ಎಸೆದ್ರೆ ಅದು ಬಂದು ಸರಪಳಿಗೆ ಬಡಿದು ಬುಟ್ಟಿಗೆ ಬೀಳ್ಬೇಕು, ಅದೇ ಆಟ. ಏಳನೇ ಬುಟ್ಟಿ ಮಾತ್ರ ಎಸೆಯೋ ಜಾಗದಿಂದ ಕಾಣಲ್ಲ ಸಾರ್, ತಿರುವಲ್ಲಿ ಬಂಡೆ ಅಡ್ಡ. ಅದಕ್ಕೇ ಒಬ್ಬರು ಮುಂದೆ ಹೋಗಿ, ಬುಟ್ಟಿ ಹತ್ರ ಪಕ್ಕಕ್ಕೆ ನಿಂತು, ಸರಪಳಿ ಹಿಡಿದು ಝಲ್ ಅಂತ ಅಲ್ಲಾಡಿಸ್ಬೇಕು. ದಾರಿ ಖಾಲಿ, ಎಸಿ ಅಂತ. ಸದ್ದು ಬರೋ ತನಕ ಎಸೆಯೋ ಹಾಗಿಲ್ಲ. ಭಾವನೇ ಮಾಡಿದ ಕಟ್ಟಳೆ... ಹೇಗಿದೆ? ನಂಬ್ತಾರೆ ಅಲ್ವಾ?

ಸರಪಳಿ ಅಲ್ಲಾಡಿಸಿದ ಮೇಲೆ ಭಾವನಿಗೇನು ನೆನಪಾಯ್ತೋ, ವಾಪಸ್ ದಾರಿಗೆ ಇಳಿದಿದಾರೆ. ನಂಗೇನು ಕನಸು ಬಿದ್ದಿತ್ತಾ? ಸದ್ದು ಬಂತು, ಎಸೆದೆ.

ಯಾಕೆ ನಗ್ತೀಯ? ...ನಗು ಅಲ್ವಾ ಅದು? ನಿನ್ನ ಮುಖ ನೋಡಿದ್ರೆ ಏನೂ ಗೊತ್ತಾಗಲ್ಲ ಅಕ್ಕ, ಚಿಕ್ಕಂದಿನಿಂದ್ಲೂ ಹಿಂಗೇ!

ಜಗಳ? ಯಾವ ಜಗಳ? ಆರನೇ ಬುಟ್ಟಿ ಹತ್ರ ಮಾತಿಗೆ ಮಾತು ಬೆಳೀತು, ಅಷ್ಟೇ. ಹೋದ ವಾರ ಆಡೋಕೆ ಬಂದಿದ್ದ ಆ ಅತಿಥಿ ಮೂಗು ಮುರಿದೆನಲ್ಲ, ಭಾವ ಅದನ್ನೇ ತೆಗೆದ್ರು. ಮತ್ತೇನು ಮಾಡ್ಬೇಕಿತ್ತು? ಆ ಅತಿಥಿ ನನ್ನ ಡಿಸ್ಕ್ ಎತ್ಕೊಂಡು ಕೆಳಗೆ ಕಣಿವೆಗೆ ಎಸೆದು ಹಲ್ಲು ಕಿರಿದ. ಒಂದೇ ಏಟು ಹಾಕಿದ್ದು. ರಕ್ತ ಸ್ವಲ್ಪ ಜಾಸ್ತಿ ಬಂತು, ಸರಿ. ಅದಕ್ಕೆ ನಿನ್ನ ಗಂಡ ಏನಂದ ಗೊತ್ತಾ? 'ಇವತ್ತಿಂದೇ ಕೊನೆ ಆಟ. ನಾಳೆ ಗಂಟುಮೂಟೆ ಕಟ್ಟು. ನಿನ್ನಂಥ ಕೈ ಈ ಬೆಟ್ಟದ ಮೇಲೆ ಬೇಡ.' ನನಗೆ! ಈ ಕಂಬಗಳನ್ನೆಲ್ಲ ಹೆಗಲ ಮೇಲೆ ಹೊತ್ತು ಹತ್ತಿಸಿದೋನು ಯಾರು? ಬಂಡೆ ಒಡೆದು ದಾರಿ ಮಾಡಿದೋನು ಯಾರು? ಅವನಾ? ಅವನು ನೆರಳಲ್ಲಿ ನಿಂತು ಬೆರಳು ತೋರಿಸ್ದ!

ಇನ್ನೂ ಒಂದು ಮಾತಂದ. 'ನಿಮ್ಮಕ್ಕನೂ ಒಪ್ಪಿದಾಳೆ' ಅಂದ.

ಒಪ್ಪಿದ್ಯಾ ಅಕ್ಕ?

...ತಲೆ ಬಗ್ಗಿಸ್ಕೊಂಡು ಕೂತ್ರೆ ಏನಂತ ತಿಳ್ಕೊಳ್ಳಲಿ? ಹೆದರ್ತೀಯಾ ನಂಗೆ? ನಂಗೆ ಊಟ ಬಡಿಸಿ ಬೆಳೆಸಿದೋಳು ನೀನು!

ಇರಲಿ. ಅದೆಲ್ಲ ಇನ್ಸ್‌ಪೆಕ್ಟರಿಗೆ ಬೇಡ. ಮೈಯೆಲ್ಲ ಉರೀತಿತ್ತು, ಆದ್ರೂ ತಡ್ಕೊಂಡೆ. ಏಳನೇದಕ್ಕೆ ಬಂದ್ವಿ. ಅವನು ಮುಂದೆ ಹೋದ. ಡಿಸ್ಕ್ ಬಿಟ್ಟೆ... ಅಂಚು ಚೂಪಾಗಿರೋದು, ದೂರಕ್ಕೆ ಅದೇ ಒಳ್ಳೇದು. ಗಂಟಲಿಗೇ ಬಡೀತು. ಮಂಡಿಯೂರಿ ಕುಸಿದ. ಉಸಿರೆಳೆಯೋಕೆ ಒದ್ದಾಡ್ತಾ ಕಣ್ಣು ಗುಡ್ಡೆ ಆಚೆ ಬರೋ ಹಾಗೆ ನನ್ನನ್ನೇ ನೋಡ್ತಿದ್ದ...

ಯಾಕೆ ಕೈ ನಿಲ್ಲಿಸ್ದೆ?

ಹ್ಞಾಂ, ಬಂಡೆ ಅಡ್ಡ ಅಂದೆ. ಬುಟ್ಟಿ ಕಾಣಲ್ಲ ಅಂದೆ. ಅವನು ಬಂಡೆಯಿಂದ ಈಚೆ ಇದ್ದ, ಕಂಡ. ಓಡಿ ಹೋದೆ. ಅಷ್ಟರಲ್ಲಿ ತಲೆ ಬಂಡೆಗೆ ಬಡಿದಿತ್ತು. ಒಂದೇ ಸಲ! ಎರಡು ಗಾಯ ಇದೆ ಅಂತ ಯಾರಂದ್ರು? ಆಂಬುಲೆನ್ಸಲ್ಲಿ ಬಂದ ಡಾಕ್ಟರ್ ಅಂದ್ರಾ?

ಜೀಪು. ಕೇಳಿಸ್ತಾ? ಕೆಳಗಿನ ತಿರುವಲ್ಲಿದೆ. ಅಭ್ಯಾಸ ಮಾಡ್ಕೋ ಅಕ್ಕ, 'ಅಂಗಳದಲ್ಲಿದ್ದೆ ಸಾರ್, ಏಳನೇ ಬುಟ್ಟಿ ಸರಪಳಿ ಝಲ್ ಅಂತು.' ಹೇಳು. ಹೇಳೂ! ನೀನೊಬ್ಬಳೇ ನಂಗಿರೋದು... ನೀನೂ ಕೈಬಿಟ್ರೆ ನಾನು ಒಳಗೆ ಕೊಳೀತೀನಿ.

ಏನದು ಎತ್ತಿದ್ದು?

ಸರಪಳಿನಾ? ಇಷ್ಟೊತ್ತು ಅದನ್ನೇ ತೊಳೀತಿದ್ಯಾ? ಯಾವ ಬುಟ್ಟೀದು?

...ಕೊಂಡಿಗೆ ಹಳದಿ ಬಣ್ಣ.

ಇಲ್ಲ. ಹಳದಿ ಏಳನೇದಕ್ಕೆ. ನಾನೇ ಬಳಿದಿದ್ದು. ಯಾವಾಗ ಬಿಚ್ಚಿ ತಂದೆ? ಈಗ ತಾನೇ ತಂದಿದ್ದು ಅಲ್ವಾ, ಎಲ್ಲ ಆದ ಮೇಲೆ? ...ಬೆಳಿಗ್ಗೇನಾ? ನಾವು ಆಟಕ್ಕೆ ಹೊರಡೋಕೆ ಮುಂಚೇನಾ? ಬರೀ ತಲೆ ಆಡಿಸ್ಬೇಡ, ಬಾಯಿ ಬಿಡು!

ಯಾರಿಗಾದ್ರೂ ಹೇಳಿದ್ಯಾ ಇದನ್ನ? ...ಇಲ್ಲ ತಾನೇ? ಹಾಗಾದ್ರೆ ಏನೂ ಆಗಿಲ್ಲ. ಕೊಡು ಇಲ್ಲಿ, ಓಡಿ ಹೋಗಿ ಸಿಕ್ಕಿಸಿ ಬರ್ತೀನಿ. ಕೊಡು. ಕೊಡೂಂದ್ರೆ! ಕೈ ತಿರುಚಿ ಕಿತ್ಕೋಬೇಕಾಗುತ್ತೆ, ನೀನು ಅಕ್ಕ ಅಂತಾನೂ ನೋಡಲ್ಲ ನಾ... ಅಮ್ಮಾ! ಬೆರಳು... ಬೆರಳು ಮುರಿದ್ಯಲ್ಲೇ! ಸರಪಳಿಲಿ ಹೊಡೀತೀಯಾ? ನಂಗೆ?

ಬಾಗಿಲ ಹತ್ರ ಯಾಕೆ ಹೋಗ್ತಿದೀಯ? ಜೀಪು ಬಂದಾಯ್ತು ಅಕ್ಕ. ಅಂಗಳದಲ್ಲೇ ನಿಂತಿದೆ. ಅದನ್ನ ಕೆಳಗಿಡು.

ಅಲ್ಲಾಡಿಸ್ಬೇಡ.

ಅಲ್ಲಾಡಿಸ್ಬೇಡ ಅಂದೆ! ನಿಲ್ಸು! ತಲೆ ಸಿಡಿದು ಹೋಗುತ್ತೆ ನಂದು... ಇರಲಿಲ್ಲ, ಆಯ್ತಾ? ಈ ಸದ್ದು ಇರಲಿಲ್ಲ! ಅವನು ಬುಟ್ಟಿ ತನಕ ಹೋಗೇ ಇರಲಿಲ್ಲ. ಬಂಡೆ ಹತ್ರ ನಿಂತು ಹಿಂದಕ್ಕೆ ತಿರುಗ್ದ. ನನ್ನ ಕೈಲಿ ಡಿಸ್ಕ್ ನೋಡ್ದ. ಎರಡೂ ಕೈ ಮೇಲೆತ್ತಿ 'ಬೇಡ ಕಣೋ' ಅಂದ.

ಅಂದ ಮೇಲೇ ಎಸೆದಿದ್ದು.