ಕೊಪ್ಪರಿಗೆ ಮೇಲೆ ಕಂಟ್ರೋಲರ್

ಅಲ್ಲ ಮಜೀದಣ್ಣ, ನೀವು ನಗಬಾರದು! ಪೇಟೆಂಟ್ ಕಚೇರಿಯ ಕಂಟ್ರೋಲರ್ ನಗುವುದುಂಟಾ? ಗಂಭೀರವಾಗಿ ಕೂತ್ಕೊಳ್ಳಿ... ಹಾಂ, ಆ ಕವುಚಿ ಹಾಕಿದ ಕೊಪ್ಪರಿಗೆ ಮೇಲೆಯೇ ಕೂತ್ಕೊಳ್ಳಿ, ಪರವಾಗಿಲ್ಲ. ನಾಳೆ ಹನ್ನೊಂದು ಗಂಟೆಗೆ ನಿಜವಾದ ಕಂಟ್ರೋಲರ್ ಚೆನ್ನೈಯಲ್ಲಿ ತಿರುಗುವ ಕುರ್ಚಿಯಲ್ಲಿ ಕೂತು ವಿಡಿಯೋದಲ್ಲಿ ನನ್ನನ್ನು ವಿಚಾರಿಸ್ತಾರೆ. ಇವತ್ತು ತೋಡಾರಿನ ನಿಮ್ಮ ಶಾಮಿಯಾನ ಗೋಡೌನಿನಲ್ಲಿ, ಬಿರಿಯಾನಿ ಕೊಪ್ಪರಿಗೆ ಮೇಲೆ, ನೀವು. ನನ್ನ ಯೋಗ್ಯತೆಗೆ ಇದೇ ಹೆಚ್ಚು!

ಫೈಲಿನಲ್ಲಿ ಮೇಲಿನ ಹಾಳೆ ನೋಡಿ. ಏಳು ಪ್ರಶ್ನೆ ಬರೆದಿದ್ದೇನೆ. ಒಂದೊಂದೇ ಓದಿ, ನಾನು ಉತ್ತರ ಹೇಳ್ತೇನೆ. ಕೆಳಗಿನ ಕಾಗದ ಈಗ ಬೇಡ. ಕೊನೆಗೆ ಅದಕ್ಕೊಂದು ಸಹಿ ಹಾಕಿದ್ರೆ ಆಯ್ತು, ಸುಮ್ಮನೆ ಒಂದು ಕ್ರಮಕ್ಕೆ... ಎಂತ? ತುಳುವಿನಲ್ಲಿ ಕೇಳ್ಬೇಕಾ? ಬೇಡಪ್ಪ ಬೇಡ! ಕನ್ನಡದಲ್ಲೇ ಕೇಳಿ. ನಾಳೆ ಅವರು ಇಂಗ್ಲಿಷಿನಲ್ಲಿ ಕೇಳ್ತಾರೆ, ಅದನ್ನು ಹೇಗಾದ್ರೂ ಸುಧಾರಿಸ್ತೇನೆ. ತುಳುವಿನಲ್ಲಿ ಕೇಳಿದ್ರೆ ನನಗೆ ಅಮ್ಮನ ಎದುರು ನಿಂತ ಹಾಗೆ ಆಗ್ತದೆ. ಸುಳ್ಳು ಹೇಳಿದ ಕೂಡಲೇ ಕಿವಿ ಕೆಂಪಾಗ್ತದೆ. ಹ್ಹ ಹ್ಹ... ತಮಾಷೆಗೆ ಹೇಳಿದ್ದು ಮಾರಾಯ್ರೆ.

ಸರಿ, ಮೊದಲನೆಯದು ಓದಿ.

ನನ್ನ ಹೆಸರು ಗಜಾನನ. ಮೂಡುಬಿದಿರೆಯ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಮಾಡ್ತೇನೆ. ಹದಿನಾಲ್ಕು ವರ್ಷದ... ಏನು, ಗೇಟಿನ ಫ್ಲೆಕ್ಸಾ? ಅಯ್ಯೋ, ಅದನ್ನು ನೀವೂ ನೋಡಿದ್ರಾ! ಅದನ್ನು ಮಾತ್ರ ನೆನಪು ಮಾಡ್ಬೇಡಿ. ನಾನು ಅರ್ಜಿ ಹಾಕಿದ್ದು ಅಷ್ಟೇ, ಮಜೀದಣ್ಣ. ಅರ್ಜಿ! ಅಷ್ಟಕ್ಕೇ ಕಾಲೇಜಿನವರು 'ಪೇಟೆಂಟ್ ಪಡೆದ ನಮ್ಮ ಹೆಮ್ಮೆ' ಅಂತ ಹತ್ತಡಿ ಫ್ಲೆಕ್ಸ್ ಹಾಕಿಸಿದ್ರು. ಶಾಲು, ಪೇಟ, ಹಣ್ಣಿನ ಬುಟ್ಟಿ. ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸಿದ ಹಾಗೆ! 'ಇನ್ನೂ ಸಿಕ್ಕಿಲ್ಲ ಸರ್' ಅಂತ ಒಂದು ಮಾತು ಹೇಳಬಹುದಿತ್ತಲ್ಲ ನನಗೆ? ಹೇಳ್ಲಿಲ್ಲ. ಪೇಟ ಬಿಗಿಯಾಗಿತ್ತು, ಬಾಯಿ ಬಿಡ್ಲಿಕ್ಕೆ ಆಗ್ಲಿಲ್ಲ ಅಂತ ಇಟ್ಕೊಳ್ಳಿ. ಈಗ ಬಿಸಿಲಿಗೆ ಫ್ಲೆಕ್ಸಿನಲ್ಲಿ ನನ್ನ ಮುಖ ಅರ್ಧ ಮಾಸಿ ಹೋಗಿದೆ. ನಾಳೆ ಅರ್ಜಿ ಬಿದ್ದು ಹೋದ್ರೆ ಉಳಿದ ಅರ್ಧವೂ ಹೋಗ್ತದೆ. ನಾನು ಆ ಗೇಟಿನಲ್ಲಿ ಹೇಗೆ ಒಳಗೆ ಹೋಗುವುದು ಹೇಳಿ? ನಿಜವಾಗಿ ನನಗೆ ಹೆದರಿಕೆ ಉಂಟು.

ಎರಡನೆಯದು... ಹಾಂ, 'ನಿಮ್ಮ ಆವಿಷ್ಕಾರ ಏನು?'

ಇದು ನನಗೆ ಬಾಯಿಪಾಠ. ಸರ್, ಮೊಬೈಲಿಗೆ ಇಡೀ ನಕ್ಷೆಯನ್ನು ಒಮ್ಮೆಲೇ ಕಳಿಸುವುದಿಲ್ಲ. ತುಂಡು ಮಾಡಿ ಕಳಿಸ್ತೇವೆ. ನೀವು ಎಲ್ಲಿದ್ದೀರೋ ಅಲ್ಲಿಂದ ಮುಂದಿನ ಗುರುತಿನವರೆಗೆ ಮಾತ್ರ. ಅಲ್ಲಿಗೆ ಮುಟ್ಟಿದ ಮೇಲೆ ಅದರ ಮುಂದಿನ ತುಂಡು. ನೆಟ್‌ವರ್ಕ್ ಇಲ್ಲದ ಊರಿನಲ್ಲಿಯೂ ದಾರಿ ತಪ್ಪುವುದಿಲ್ಲ... ನೋಡಿ, ಪುನಃ ನಗ್ತೀರಿ! ಗೊತ್ತುಂಟು, ಗೊತ್ತುಂಟು. ದಾರಿಯ ಬಗ್ಗೆ ಮಾತಾಡುವವ ಯಾರು? ಸ್ವಂತ ಮದುವೆಗೆ ದಾರಿ ತಪ್ಪಿದವ! ಅದು ಇಡೀ ತಾಲೂಕಿಗೇ ಗೊತ್ತುಂಟಲ್ಲ. ಪುತ್ತಿಗೆಯ ಒಳಗೆ ಎಲ್ಲಿಯೋ ಮದುಮಗಳು ಶುಭಶ್ರೀಯ ಮನೆ. ನಮ್ಮ ದಿಬ್ಬಣದ ವ್ಯಾನು ಹೋಗಿ ನಿಂತದ್ದು ಬೇರೆಯವರ ಮದುವೆ ಮನೆಯ ಅಂಗಳದಲ್ಲಿ. ಅವರು ಪಾಪ, ಬೆಲ್ಲ ನೀರು ಕೊಟ್ರು. ನಾನು ಬಾಸಿಂಗ ಕಟ್ಟಿಕೊಂಡು ಎರಡು ಲೋಟ ಕುಡಿದೆ. ಆಮೇಲೆ ನೋಡ್ತೇನೆ, ಒಳಗೆ ಇನ್ನೊಬ್ಬ ಮದುಮಗ ಕೂತಿದ್ದಾನೆ!

ನಗಿ, ನಗಿ. ಅವತ್ತಿನಿಂದ ಶುಭಶ್ರೀಯೂ ನಗ್ತಾ ಇದ್ದಾಳೆ. ಈಗ ಮೂರನೆಯದಕ್ಕೆ ಹೋಗುವ.

'ನಕ್ಷೆಯನ್ನು ತುಂಡು ಮಾಡುವುದು ಮೊದಲೇ ಇರಲಿಲ್ಲವೇ?' ಇತ್ತು ಸರ್. ಇತ್ತಂತೆ. ನಾನು ಶಾಲೆಗೆ ಹೋಗುವ ಕಾಲದಲ್ಲೇ ಯಾವುದೋ ದೇಶದಲ್ಲಿ ಯಾರೋ ಬರೆದು ಇಟ್ಟಿದ್ದಾರೆ. ಪೇಟೆಂಟ್ ಕಚೇರಿಯ ಪರೀಕ್ಷಕರು ಅದನ್ನು ಹುಡುಕಿ ತೆಗೆದು ವರದಿಯಲ್ಲಿ ಹಾಕಿದ್ದಾರೆ. ಅವರ ಹುಡುಕಾಟ ಅಂದ್ರೆ ಭಯಂಕರ, ಮಜೀದಣ್ಣ! ನಾಲ್ಕನೆಯದೂ ಅದೇ ಕಥೆ. 'ನಡೆಯುವವನ ಜಾಗ ನೋಡಿ ಮುಂದಿನ ತುಂಡು ಕಳಿಸುವುದು?' ಅದೂ ಇತ್ತು. ಮೂರು ವರ್ಷ ಕೂತು ನಾನು ಕಂಡುಹಿಡಿದದ್ದನ್ನೆಲ್ಲ ಜನ ಮೊದಲೇ ಕಂಡುಹಿಡಿದು, ಬಳಸಿ, ಹಳತು ಮಾಡಿ ಬಿಟ್ಟಿದ್ದಾರೆ. ನಾನು ಚಕ್ರ ಕಂಡುಹಿಡಿದು ಬಸ್ಸಿನಲ್ಲಿ ತಂದವ!

ಐದನೆಯದು ಮುಖ್ಯ. ಅದೊಂದರ ಮೇಲೆ ನಿಂತಿದೆ ಎಲ್ಲ. ಸ್ವಲ್ಪ ಗಟ್ಟಿಯಾಗಿ ಓದಿ... 'ಹಾಗಾದರೆ ಇದರಲ್ಲಿ ಹೊಸತೇನು?'

ಹೊಸತು ಉಂಟು ಸರ್. ನಕ್ಷೆಯ ತುಂಡುಗಳು ದೂರದ ಒಂದೇ ಕಂಪ್ಯೂಟರಿನಲ್ಲಿ ಇರುವುದಿಲ್ಲ. ದಾರಿಯ ಮೇಲಿನ ಅಂಗಡಿಗಳಲ್ಲಿ ಸಣ್ಣ ಸಣ್ಣ ಪೆಟ್ಟಿಗೆ ಇಡ್ತೇವೆ. ಮುಂದಿನ ತುಂಡು ಆ ಅಂಗಡಿಯ ಪೆಟ್ಟಿಗೆಯಿಂದಲೇ ನಿಮ್ಮ ಮೊಬೈಲಿಗೆ ಬರ್ತದೆ. ದಾರಿ ಬದಲಾದ್ರೆ ಆ ಅಂಗಡಿಯವರೇ ತಮ್ಮ ತುಂಡನ್ನು ತಿದ್ತಾರೆ. ಇಡೀ ನಕ್ಷೆಯನ್ನು ಮುಟ್ಟುವುದೇ ಬೇಡ. ಇದನ್ನು ಜಗತ್ತಿನಲ್ಲಿ ಯಾರೂ ಬರೆದಿಲ್ಲ ಅಂತ ಪರೀಕ್ಷಕರೇ ಒಪ್ಪಿದ್ದಾರೆ! ನಾಳೆ ಇದೊಂದನ್ನು ಹಿಡಿದುಕೊಂಡು ನಿಂತ್ರೆ ಸಾಕು ಅಂತ ವಕೀಲರು ಹೇಳಿದ್ದಾರೆ.

ಹೇಗಿತ್ತು? ...ಯಾಕೆ, ನಗು ನಿಂತಿತಲ್ಲ? ನಗಬಾರದು ಅಂದದ್ದು ನಾನೇ, ಸರಿ. ಆದರೂ ಅಷ್ಟು ಗಂಭೀರ ಬೇಡ.

ಆರನೆಯದು ಓದಿ... 'ಈ ಯೋಚನೆ ನಿಮಗೆ ಹೇಗೆ ಹೊಳೆಯಿತು?' ಹಾಂ. ಸರ್, ಒಂದು ದಿವಸ ನಾನು ಮೂಡುಬಿದಿರೆ ಬಸ್ ಸ್ಟ್ಯಾಂಡಿನಲ್ಲಿ ನಿಂತಿದ್ದೆ. ಘಟ್ಟದ ಮೇಲಿನಿಂದ ಬಂದ ವಿದ್ಯಾರ್ಥಿಗಳು ಹಾಸ್ಟೆಲಿಗೆ ದಾರಿ ಕೇಳ್ತಾ ಇದ್ರು. ಮೊಬೈಲಿನಲ್ಲಿ ನಕ್ಷೆ ಸುತ್ತುತ್ತಾ ಇತ್ತು, ಬರ್ತಾ ಇರಲಿಲ್ಲ. ಆಗ ನನಗೆ ಒಂದು ಮಿಂಚು... ಮಿಂಚು ಹೊಡೆದ ಹಾಗೆ... ಹಾಗೆ ನೋಡ್ಬೇಡಿ ಮಾರಾಯ್ರೆ. ಮಿಂಚು ಅನ್ನುವುದು ಸ್ವಲ್ಪ ಹೆಚ್ಚಾಯ್ತಾ? ಸರಿ, ಮಿಂಚು ತೆಗೆಯುವ. 'ನನಗೆ ಹೊಳೆಯಿತು' ಅಂತ ಹೇಳ್ತೇನೆ. ಸಾಕಲ್ಲ?

ಸಾಕಲ್ಲ, ಮಜೀದಣ್ಣ?

ಬಸ್ ಸ್ಟ್ಯಾಂಡಿನಲ್ಲಿ ನಿಂತದ್ದು ನಿಜ. ವಿದ್ಯಾರ್ಥಿಗಳೂ ಇದ್ರು. ಎಲ್ಲ ಸುಳ್ಳು ಹೇಳ್ತೇನೆ ಅಂತ ಅಂದ್ಕೊಳ್ಬೇಡಿ... ನೀವು ಏನೂ ಹೇಳಿಲ್ಲ ಅಲ್ಲವಾ? ಸರಿ. ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡಿಕೊಂಡ ಅಂತಾರಲ್ಲ, ನಾನು ಯಾರೂ ಕರೆಯದೆಯೇ ಮುಟ್ಟಿ ನೋಡಿಕೊಂಡೆ. ಹ್ಹ ಹ್ಹ.

ಏಳನೆಯದು ಓದಿ, ಮುಗಿಸುವ. ಹಾಳೆಯ ಹಿಂದೆ ಉಂಟು. ತಿರುಗಿಸಿ... ಅದಲ್ಲ, ಅದಲ್ಲ! ಅದು ಸಹಿಯ ಕಾಗದ. ಅದನ್ನು ಆಮೇಲೆ... ಓದ್ತಾ ಇದ್ದೀರಾ? ವಕೀಲರ ಭಾಷೆ ಅದು, ಅರ್ಥ ಮಾಡುವಂಥದ್ದು ಏನೂ ಇಲ್ಲ ಅದರಲ್ಲಿ. ಬಿಡಿ.

...ಓದಿ ಆಯ್ತಾ?

ಅದು ಹಾಗಲ್ಲ ಮಜೀದಣ್ಣ. 'ಚೀಟಿ ಇಡುವ ಪದ್ಧತಿಯ ಮೇಲೆ ನನಗೆ ಯಾವ ಹಕ್ಕೂ ಇಲ್ಲ, ಅದು ನನ್ನ ಯೋಚನೆಯೂ ಅಲ್ಲ' ಅಂತ ನಿಮ್ಮ ಹೆಸರಿನಲ್ಲಿ ಬರೆದದ್ದು ಸುಮ್ಮನೆ, ನಾಳೆ ಯಾರಾದರೂ ಕೇಳಿದ್ರೆ ಅಂತ. ಕಾಗದದ ಚೀಟಿ ಬೇರೆ, ಮೊಬೈಲ್ ಬೇರೆ, ಅಲ್ಲವಾ? ನೀವು ಲಾರಿಯವರಿಗೆ ಬರೆದು ಕೊಡುವುದು... ಮದುವೆ ಮನೆಗೆ ಶಾಮಿಯಾನ ಕಳಿಸುವಾಗ ಡ್ರೈವರಿಗೆ ಇಡೀ ದಾರಿ ಹೇಳಿದ್ರೆ ಮೂರನೇ ತಿರುವಿನಲ್ಲಿ ಮರೆತು ಹೋಗ್ತದೆ ಅಂತ, ಒಂದು ಅಂಗಡಿಯವರೆಗಿನ ಚೀಟಿ ಮಾತ್ರ ಕೊಡುವುದು, ಮುಂದಿನ ಚೀಟಿ ಆ ಅಂಗಡಿಯಲ್ಲಿ ಇಡುವುದು... ಅದು... ಅದು ನಿಮ್ಮ ಕಸುಬಿನ ಉಪಾಯ. ನನ್ನದು ವಿಜ್ಞಾನ.

ಏನಾದರೂ ಹೇಳಿ ಮಾರಾಯ್ರೆ. ಬೈದಾದ್ರೂ ಬೈಯಿರಿ. ಹೀಗೆ ಸುಮ್ಮನೆ ಕೂತ್ರೆ ಆ ಕೊಪ್ಪರಿಗೆ ಮೇಲೆ ನಿಜವಾಗಿಯೂ ಕಂಟ್ರೋಲರ್ ಕೂತ ಹಾಗೆ ಕಾಣ್ತದೆ.

ಬೆಲ್ಲ ನೀರಿನವರೆಗೆ ಮಾತ್ರ ನಾನು ಆ ಮದುವೆಯ ಕಥೆ ಹೇಳುವುದು. ಎಲ್ಲ ಕಡೆ. ಜನ ಅಲ್ಲಿಗೇ ನಗ್ತಾರೆ, ಆಮೇಲೆ ಎಂತಾಯ್ತು ಅಂತ ಯಾರೂ ಕೇಳುವುದಿಲ್ಲ. ಆಮೇಲೆ ಎಂತಾಯ್ತು ಅಂತ ನಿಮಗೆ ಗೊತ್ತುಂಟು. ಮುಹೂರ್ತಕ್ಕೆ ಇಪ್ಪತ್ತು ನಿಮಿಷ. ಜತ್ತಪ್ಪನ ಅಂಗಡಿಯ ಎದುರು ನಾನು ಬಾಸಿಂಗ ಕಟ್ಟಿಕೊಂಡು ಅಳುವುದೊಂದು ಬಾಕಿ. ಜತ್ತಪ್ಪ ಗಲ್ಲಾಪೆಟ್ಟಿಗೆಯಿಂದ ಒಂದು ಚೀಟಿ ತೆಗೆದು ಕೊಟ್ಟ. ಶುಭಶ್ರೀಯ ಮನೆಗೆ ಶಾಮಿಯಾನ ತಂದ ನಿಮ್ಮ ಲಾರಿಗೆ ಇಟ್ಟದ್ದು, ನಿಮ್ಮ ಕೈಬರಹ. 'ಕಟ್ಟೆಯಿಂದ ಎಡಕ್ಕೆ, ಆಯಿಶಮ್ಮನ ಅಂಗಡಿಯವರೆಗೆ. ಮುಂದಿನದ್ದು ಅವರ ಹತ್ತಿರ.' ಆಯಿಶಮ್ಮನ ಹತ್ತಿರ ಇದ್ದ ಚೀಟಿಯಲ್ಲಿ ನೀವು ಬರೆದದ್ದನ್ನು ಹೊಡೆದು ಹಾಕಿ ಅವರೇ ಕೆಳಗೆ ಬರೆದಿದ್ರು, 'ಹಳ್ಳ ದಾಟುವ ಸಂಕ ಮುರಿದಿದೆ, ಗದ್ದೆಯ ಬದಿಯಿಂದ ಹೋಗಿ' ಅಂತ. ಆ ಅಂಗಡಿಯವರೇ ತಿದ್ದಿದ್ದು, ಮಜೀದಣ್ಣ. ಆ ಅಂಗಡಿಯವರೇ.

ಆ ಚೀಟಿ ನನ್ನ ಹತ್ತಿರ ಉಂಟು. ಹನ್ನೆರಡು ವರ್ಷದಿಂದ ಉಂಟು. ನೋಟ್ ಪುಸ್ತಕದ ಮೊದಲ ಪುಟದಲ್ಲಿ ಅಂಟಿಸಿ, ಅದರ ಕೆಳಗೆ ಕೆಲಸ ಸುರು ಮಾಡಿದ್ದು.

ಪರೀಕ್ಷಕರು ಎಷ್ಟು ಸರಿಯಾಗಿ ಸೋಸಿ ಬಿಟ್ಟಿದ್ದಾರೆ ನೋಡಿ! ನಾನು ಮಾಡಿದ್ದೆಲ್ಲ ಹಳತು ಅಂತ ಒಂದೊಂದೇ ಹೊಡೆದು ಹಾಕಿದ್ರು. ಹೊಸತು ಅಂತ ಉಳಿದದ್ದು ಒಂದೇ. ಅದು ನಿಮ್ಮದು. ಅದಕ್ಕೇ ಸಹಿ ಹಾಕಿಸ್ಲಿಕ್ಕೆ ಬಂದೆ ನಾನು. ತಾಲೀಮು ಅಂತ ನಾಟಕ ಮಾಡಿ, ನಿಮ್ಮ ಚಾ ಕುಡಿದು... ನಾಚಿಕೆ ಆಗ್ತದೆ ನನಗೆ.

ಪೆನ್ನು ಯಾಕೆ ತೆಗೆದ್ರಿ? ಬೇಡ, ಸಹಿ ಹಾಕ್ಬೇಡಿ! ನನ್ನ ಮಟ್ಟಿಗೆ ಅಷ್ಟು ಒಳ್ಳೆಯವರಾಗ್ಬೇಡಿ. ಕೊಡಿ ಇಲ್ಲಿ ಆ ಕಾಗದ. ಪ್ರಶ್ನೆಯ ಹಾಳೆ ಮಾತ್ರ ಇಟ್ಕೊಳ್ಳಿ. ಏಳನೆಯದು ಇನ್ನೂ ಬಾಕಿ ಉಂಟು. ಅದೇ, 'ಇದರ ನಿಜವಾದ ಮತ್ತು ಮೊದಲ ಆವಿಷ್ಕಾರಕ ನೀವೇ ಏನು?' ಮನೆಯಲ್ಲಿ ಕನ್ನಡಿಯ ಎದುರು 'ಹೌದು ಸರ್' ಅಂತ ಹತ್ತು ಸಲ ಹೇಳಿ ಬಂದಿದ್ದೇನೆ. ಇಂಗ್ಲಿಷಿನಲ್ಲಿಯೂ ಹೇಳಿದೆ, ಕನ್ನಡದಲ್ಲಿಯೂ ಹೇಳಿದೆ.

ಕೇಳಿ ಮಜೀದಣ್ಣ. ನೀವು ಈಗ ತುಳುವಿನಲ್ಲಿಯೇ ಕೇಳಿ.