ಮಾರಿಯಸ್‌ನ ಏಳನೆಯ ಸಲ

ಇಂದಿನ ಸಭೆಯ ಅಧ್ಯಕ್ಷತೆ ವಹಿಸಿರುವ ಡಾಕ್ಟರ್ ರವಿಕಿರಣ್ ಅವರೇ, ಬೆಳಗಿನ ಕಾಫಿಯನ್ನೂ ಕುಡಿಯದೆ ರಾಲಿ ನಗರದಿಂದ ಡ್ರೈವ್ ಮಾಡಿಕೊಂಡು ಬಂದಿರುವ ಮುಖ್ಯ ಅತಿಥಿಗಳಾದ ಹರಿಣಿಯವರೇ, ಅಮೆರಿಕದ ಈ ಮೂಲೆಯ ನಮ್ಮ ಬುಲ್ ರನ್ ಕನ್ನಡ ಬಳಗದ ಪದಾಧಿಕಾರಿಗಳೇ, ಬಿಸಿಬೇಳೆಭಾತಿನ ವಾಸನೆ ಬರುತ್ತಿದ್ದರೂ ಕುರ್ಚಿ ಬಿಟ್ಟು ಏಳದ ನನ್ನ ಪ್ರೀತಿಯ ಸಭಿಕರೇ,

ಈ ರಾಜ್ಯೋತ್ಸವದ ದಿನ ನೀವು ನನಗೆ ಶಾಲು ಹೊದಿಸಿದ್ದೀರಿ, ಪೇಟ ತೊಡಿಸಿದ್ದೀರಿ. ಆರು ವರ್ಷ ಬಳಗದ ಅಧ್ಯಕ್ಷನಾಗಿದ್ದವನಿಗೆ ಇದು ಸಲ್ಲಬೇಕಾದ ಗೌರವವೇ ಎಂದು ನನ್ನ ಮನಸ್ಸು ಹೇಳುತ್ತಿದೆ. ಮನಸ್ಸು ಯಾವಾಗಲೂ ಹಾಗೆಯೇ ಹೇಳುತ್ತದೆ.

ಈಗ ನಮ್ಮ ಶ್ರೇಯಸ್ ಸ್ವಾಗತ ಭಾಷಣದಲ್ಲಿ ಒಂದು ಮಾತು ಹೇಳಿದರು. "ರೋಮ್‌ನಲ್ಲಿ ಮಾರಿಯಸ್ ಅಂತ ಒಬ್ಬ ಇದ್ದ, ಏಳು ಸಲ ಕಾನ್ಸಲ್, ಅಂದ್ರೆ ವರ್ಷ ವರ್ಷ ಆರಿಸೋ ರಾಜ್ಯದ ಮುಖ್ಯಸ್ಥ, ಆಗಿದ್ದ. ನಮ್ಮ ಸೂರ್ಯನಾರಾಯಣ ಅಂಕಲ್ ಕೂಡ ಏಳನೇ ಸಲ ಆಗ್ಲಿ" ಎಂದರು. ನೀವೆಲ್ಲ ಚಪ್ಪಾಳೆ ತಟ್ಟಿದಿರಿ. ಈ ಮಾರಿಯಸ್ ಶ್ರೇಯಸ್‌ಗೆ ಎಲ್ಲಿಂದ ಸಿಕ್ಕ? ನನ್ನಿಂದಲೇ. ನನ್ನ ಮೊಮ್ಮಗಳು ನಿಧಿ ಹೈಸ್ಕೂಲಿನಲ್ಲಿ ಲ್ಯಾಟಿನ್ ತೆಗೆದುಕೊಂಡಿದ್ದಾಳೆ. ತಾತನ ಕನ್ನಡ ಕ್ಲಾಸಿಗೆ ಬಾರದ ಹುಡುಗಿ ಎರಡು ಸಾವಿರ ವರ್ಷ ಹಳೆಯ ಭಾಷೆ ಕಲಿಯಲು ಹೋದಳು. ಇರಲಿ. ಅವಳ ಪ್ರಾಜೆಕ್ಟಿಗೆ ನಾನೂ ಕೂತು ಓದಿದೆ, ಓದಿದ್ದನ್ನು ಕಂಡಕಂಡವರಿಗೆಲ್ಲ ಹೇಳಿದೆ. ಶ್ರೇಯಸ್‌ಗೆ ಅರ್ಧ ಕಥೆ ಹೇಳಿದ್ದೆ ಅಂತ ಕಾಣುತ್ತದೆ. ಉಳಿದರ್ಧ ಈಗ ಹೇಳುತ್ತೇನೆ.

ಮಾರಿಯಸ್ ದೊಡ್ಡ ಮನೆತನದವನಲ್ಲ. ಅರ್ಪೀನಮ್ ಎಂಬ ಸಣ್ಣ ಊರಿನ ಕಡೆಯವನು. ರೋಮ್‌ನ ಹಳೆಯ ಮನೆತನದವರು ಅವನನ್ನು ಹೊಸಬ, ಹೊಸಬ ಎಂದು ಮೂಗು ಮುರಿಯುತ್ತಿದ್ದರು. ಆದರೆ ದಂಡಿನಲ್ಲಿ ಅವನು ಸೈನಿಕರ ಜೊತೆ ಕಂದಕ ಅಗೆದ, ಅವರು ತಿಂದ ರೊಟ್ಟಿಯನ್ನೇ ತಿಂದ. ತುಂಡು ಭೂಮಿಯೂ ಇಲ್ಲದ ಬಡವರನ್ನು ಸೈನ್ಯಕ್ಕೆ ಸೇರಿಸಿಕೊಂಡ. ಉತ್ತರದಿಂದ ಲಕ್ಷಾಂತರ ಜನ ದಂಡೆತ್ತಿ ಬಂದಾಗ ರೋಮ್ ನಡುಗಿತು. ಜನ ವರ್ಷ ವರ್ಷವೂ ಅವನನ್ನೇ ಕರೆದರು. ಅವನು ಗೆದ್ದ. ಊರನ್ನು ಕಟ್ಟಿದವರ ಸಾಲಿನಲ್ಲಿ ಅವನ ಹೆಸರನ್ನೂ ಸೇರಿಸಿದರು. ಅಲ್ಲಿಗೆ ಆರು ಸಲ ಆಗಿತ್ತು.

ಅಲ್ಲಿಗೆ ನಿಲ್ಲಿಸಿದ್ದರೆ? ನಿಲ್ಲಿಸಲಿಲ್ಲ. ವಯಸ್ಸು ಎಪ್ಪತ್ತರ ಹತ್ತಿರ, ಮೈ ಭಾರ. ಆದರೂ ದಿನಾ ಮೈದಾನಕ್ಕೆ ಹೋಗಿ ಹುಡುಗರ ಜೊತೆ ಕಸರತ್ತು ಮಾಡುತ್ತಿದ್ದನಂತೆ, ನಾನಿನ್ನೂ ದಂಡು ನಡೆಸಬಲ್ಲೆ ಎಂದು ತೋರಿಸಲು. ಕೆಲವರು ಮೆಚ್ಚಿ ನೋಡಿದರು, ಕೆಲವರು ಅಯ್ಯೋ ಪಾಪ ಎಂದರು. ಸಭಿಕರೇ, ಹೋದ ಬೇಸಿಗೆಯ ಪಿಕ್ನಿಕ್‌ನಲ್ಲಿ ನಾನು ಥ್ರೋಬಾಲ್ ಆಡಿದ್ದು ನಿಮಗೆ ನೆನಪಿರಬಹುದು. ಯಾರಾದರೂ ಕರೆದಿದ್ದರೇ? ಮರುವಾರ ನಾನು ಫಿಸಿಕಲ್ ಥೆರಪಿಗೆ ಹೋದದ್ದು ಮಾತ್ರ ನನ್ನ ಹೆಂಡತಿ ಶೈಲಜಾಗೆ ಗೊತ್ತು. ಈಗ ನಿಮಗೂ ಗೊತ್ತಾಯಿತು.

ಕೊನೆಗೆ ಮಾರಿಯಸ್ ಏಳನೆಯ ಸಲವೂ ಕಾನ್ಸಲ್ ಆದ. ಹೇಗೆ? ತನ್ನದೇ ಊರಿನೊಳಗೆ ಕತ್ತಿ ಹಿಡಿದು ಬಂದ. ಬೀದಿಯಲ್ಲಿ ಯಾರಾದರೂ ನಮಸ್ಕಾರ ಹೇಳಿ, ಅವನು ತಿರುಗಿ ಹೇಳದಿದ್ದರೆ, ಅವನ ಆಳುಗಳ ಕತ್ತಿಗೆ ಅವರ ಕಥೆ ಅಲ್ಲಿಗೇ ಮುಗಿಯಿತು. ಒಂದು ತಿಂಗಳೂ ಆ ಕುರ್ಚಿಯಲ್ಲಿ ಕೂರಲಿಲ್ಲ. ಜ್ವರ ಬಂದು, ಹಾಸಿಗೆಯಲ್ಲೇ ಯುದ್ಧ ನಡೆಸುತ್ತಿದ್ದೇನೆ ಎಂದುಕೊಂಡು ಕೂಗಾಡುತ್ತಾ ಸತ್ತ. ಏಳನೆಯ ಸಲ ಅಂದರೆ ಇದು, ಶ್ರೇಯಸ್.

ನಿಧಿ ಇದನ್ನೆಲ್ಲ ಓದಿ ನನ್ನನ್ನು ಕೇಳಿದಳು: "ತಾತ, ವೈ ಸೆವೆನ್? ಸಿಕ್ಸ್ ಸಾಕಲ್ವಾ?"

"ಜನ ಬಿಡ್ಲಿಲ್ಲ ಪುಟ್ಟಿ" ಅಂದೆ.

"ನೋ ತಾತ. ಆ ಸಲ ಜನ ಕರೀಲಿಲ್ಲ. ಹಿ ಜಸ್ಟ್ ಕೇಮ್."

ನಾನು ಪುಸ್ತಕ ಮುಚ್ಚಿ ಎದ್ದೆ. ಆದರೆ ಒಂದು ಸಮಾಧಾನವಿತ್ತು. ನನ್ನನ್ನು ಜನ ಕರೆದಿದ್ದಾರಲ್ಲ! ಹೋದ ತಿಂಗಳು ನಮ್ಮ ಬಳಗದ ಮೂವರು ಹಿರಿಯರು ಮನೆಗೆ ಬಂದರು. ಹೆಸರು ಹೇಳುವುದಿಲ್ಲ, ಮಾತು ಕೊಟ್ಟಿದ್ದೇನೆ. "ಸಾರ್, ಈ ಸಲಾನೂ ನೀವೇ ಇದ್ಬಿಡಿ. ಇಲ್ದಿದ್ರೆ, ಗೊತ್ತಲ್ಲ..." ಎಂದು ನಿಲ್ಲಿಸಿದರು. ನಾನು ಗೊತ್ತಿದ್ದವನ ಹಾಗೆ ತಲೆಯಾಡಿಸಿದೆ. ಕಾಫಿ ತಂದ ಶೈಲಜಾ ಮಾತ್ರ ಕೇಳಿಯೇಬಿಟ್ಟಳು: "ಏನು ಗೊತ್ತಿರ್ಬೇಕು?"

ಆಗ ಹೊರಗೆ ಬಂತು. "ಅಲ್ಲ ಮೇಡಂ, ಸಾರ್ ಬಿಟ್ರೆ ಬಿಲ್ಕೀಸ್ ಅವರೇ ಅಧ್ಯಕ್ಷರಾಗೋದು. ಅವರು ಒಳ್ಳೆಯವರೇ. ಆದ್ರೆ ನಮ್ಮಲ್ಲಿ ಗಣಪತಿ ಪೂಜೆಗೆ ಅಧ್ಯಕ್ಷ ದಂಪತಿಗಳೇ ಅಲ್ವಾ ಕೂರೋದು? ಅದಕ್ಕೇ..."

ಹೌದು, ನಮ್ಮ ಬಳಗದಲ್ಲಿ ಅದೊಂದು ಪದ್ಧತಿ. ಅಧ್ಯಕ್ಷರು, ಅವರ ಮನೆಯವರು ಮಣೆಯ ಮೇಲೆ ಕೂತು ಸಂಕಲ್ಪ ಮಾಡಬೇಕು. ಈ ಪದ್ಧತಿ ಕದಂಬರ ಕಾಲದ್ದೇ? ಹೊಯ್ಸಳರ ಕಾಲದ್ದೇ? ನಾನು ಮೊದಲ ಸಲ ಅಧ್ಯಕ್ಷನಾದ ವರ್ಷದ್ದು. ರೇಷ್ಮೆ ಪಂಚೆ ಉಟ್ಟು ಎಲ್ಲರೆದುರು ಕೂರುವುದು ನನಗೆ ಬಹಳ ಇಷ್ಟವಾಗಿತ್ತು. ಆಮೇಲೆ ಮಂಡಿನೋವು ಬಂತು. ಈಗ ಎರಡು ವರ್ಷದಿಂದ ಮಣೆಯ ಮೇಲೆ ಕೂತದ್ದು ಯಶವಂತ್ ದಂಪತಿಗಳು. ಗಣಪತಿ ಏನಾದರೂ ಬೇಸರ ಮಾಡಿಕೊಂಡನೇ? ಕಡುಬು ಸೀದುಹೋಯಿತೇ?

ನಾವು ಒಳಗೆ ಮಂಗಳಾರತಿ ತೆಗೆದುಕೊಳ್ಳುವಾಗ ಹೊರಗೆ ಪಾರ್ಕಿಂಗ್ ಲಾಟ್‌ನಲ್ಲಿ ಹಳದಿ ವೆಸ್ಟ್ ತೊಟ್ಟು, ನಿಮ್ಮ ವ್ಯಾನುಗಳನ್ನು ಸಾಲಾಗಿ ನಿಲ್ಲಿಸುತ್ತಿದ್ದವರು ಬಿಲ್ಕೀಸ್ ಅವರ ಯಜಮಾನರು ತಜಮ್ಮುಲ್. ಹಾಲ್ ಬುಕ್ ಮಾಡಿದವರು ಬಿಲ್ಕೀಸ್. ಎರಡು ಸಾವಿರದ ಇಪ್ಪತ್ತರಲ್ಲಿ ವಿಮಾನಗಳು ನಿಂತು, ನಮ್ಮ ನಿಮ್ಮ ಅಪ್ಪ ಅಮ್ಮಂದಿರು ಇಲ್ಲೇ ಸಿಕ್ಕಿಹಾಕಿಕೊಂಡಿದ್ದರಲ್ಲ? ಊರಿಂದ ತಂದ ಬಿಪಿ ಮಾತ್ರೆ ಮುಗಿದು ಕೂತಿದ್ದರಲ್ಲ? ನಮ್ಮತ್ತೆಯವರ ಥೈರಾಯ್ಡ್ ಮಾತ್ರೆಯೂ ಮುಗಿದಿತ್ತು. ಫಾರ್ಮಸಿಯಲ್ಲಿ ಕೆಲಸ ಮಾಡುವ ಬಿಲ್ಕೀಸ್ ಮನೆಮನೆಗೂ ಫೋನ್ ಮಾಡಿ, ಇಂಡಿಯಾದ ಯಾವ ಮಾತ್ರೆಗೆ ಇಲ್ಲಿ ಯಾವುದು ಸಮ ಎಂದು ನೋಡಿ, ಡಾಕ್ಟರ ಹತ್ತಿರ ಬರೆಸಿಕೊಟ್ಟರು. ಆ ವರ್ಷ ಬಳಗದ ಸೇವೆಗಾಗಿ ನನಗೆ ಸನ್ಮಾನವಾಯಿತು. ಹಾರ ಬಹಳ ಚೆನ್ನಾಗಿತ್ತು.

ಮೂವರೂ ಕಾಫಿ ಕುಡಿದು ಹೊರಟ ಮೇಲೆ ಶೈಲಜಾ ಅಂದಳು: "ಅವರಿಗೆ ನೀವು ಬೇಕಾಗಿಲ್ಲ ರೀ. ಬಾಗಿಲಿಗೆ ಅಡ್ಡ ಇಡೋಕೆ ಏನಾದ್ರೂ ಬೇಕಾಗಿದೆ, ಅಷ್ಟೆ."

ನನಗೆ ಬಹಳ ನೋವಾಯಿತು. ಅವಳ ಮಾತು ಸುಳ್ಳು ಎಂದು ತೋರಿಸಲು ಒಂದು ವಾರ ಯೋಚಿಸಿದೆ. ಆಗಲಿಲ್ಲ. ಆದ್ದರಿಂದ ಮಹನೀಯರೇ, ಮಹಿಳೆಯರೇ, ನಾನು ಏಳನೆಯ ಸಲ ಅಧ್ಯಕ್ಷನಾಗುವುದಿಲ್ಲ. ದಯವಿಟ್ಟು ಬೇಡ ಬೇಡ ಎನ್ನಬೇಡಿ. ನೀವು ಬೇಡ ಅಂದಾಗಲೆಲ್ಲ ನಾನು ಕರಗಿದ್ದೇನೆ. ಇವತ್ತು ಕರಗುವುದಿಲ್ಲ.

ನಮ್ಮಲ್ಲಿ ಮತದಾನವಿಲ್ಲ. ಒಬ್ಬರು ಹೆಸರು ಸೂಚಿಸುತ್ತಾರೆ, ಒಬ್ಬರು ಅನುಮೋದಿಸುತ್ತಾರೆ, ಉಳಿದವರು ಚಪ್ಪಾಳೆ ತಟ್ಟುತ್ತಾರೆ. ಶ್ರೀಮತಿ ಬಿಲ್ಕೀಸ್ ಅವರ ಹೆಸರನ್ನು ನಾನು ಸೂಚಿಸುತ್ತೇನೆ. ಪೂಜೆಗೆ ಯಾರು ಬೇಕಾದರೂ ಕೂರಲಿ, ಬಳಗವನ್ನು ನಡೆಸುವವರು ನಡೆಸಲಿ. ಅನುಮೋದಕರು ಯಾರು?

ಶೈಲಜಾ, ಕೈ ಇಳಿಸು. ಸೂಚಕರು, ಅನುಮೋದಕರು ಇಬ್ಬರೂ ಒಂದೇ ಮನೆಯವರಾಗುವ ಹಾಗಿಲ್ಲ. ತಜಮ್ಮುಲ್ ಅವರೇ, ನಿಮಗೂ ಅದೇ ಮಾತು.

ಯಾರೂ ಇಲ್ಲವೇ?

ನಾನು ಕಾಯುತ್ತೇನೆ. ಊಟ ಆರಲಿ. ಮಂಡಿ ನೋಯುತ್ತಿದೆ, ನೋಯಲಿ. ಯಾರಿಗಾದರೂ ಬಿಲ್ಕೀಸ್ ಅವರ ಮೇಲೆ ಆಕ್ಷೇಪವಿದ್ದರೆ ಇಲ್ಲಿ ಬಂದು, ಈ ಮೈಕಿನಲ್ಲಿ, ಅವರ ಮುಖ ನೋಡಿ ಹೇಳಿ. ಅರ್ಧ ವಾಕ್ಯ ಬೇಡ, ಪೂರ್ತಿ ಹೇಳಿ.

ಹಿಂದಿನ ಸಾಲಿನಲ್ಲಿ ಯಾರೋ ಎದ್ದಿದ್ದಾರೆ. ದೀಪದ ಬೆಳಕು ಕಣ್ಣಿಗೆ ಹೊಡೆಯುತ್ತಿದೆ, ಸ್ವಲ್ಪ ಮುಂದೆ ಬನ್ನಿ. ಮೈಕ್ ಬೇಕೇ? ಬೇಡವೇ? ಏನೆಂದಿರಿ? ಜೋರಾಗಿ ಹೇಳಿ.

"ಅನುಮೋದಿಸುತ್ತೇನೆ" ಎಂದರು.

ಸಭಿಕರೇ, ಅಂದು ನಮ್ಮ ಮನೆಗೆ ಬಂದ ಮೂವರಲ್ಲಿ ಇವರೂ ಒಬ್ಬರು. ಹೆಸರು ಹೇಳುವುದಿಲ್ಲ ಎಂದಿದ್ದೆ. ಈಗ ಅವರೇ ನಿಮ್ಮೆಲ್ಲರ ಮುಂದೆ ಎದ್ದು ನಿಂತಿರುವುದರಿಂದ ಹೆಮ್ಮೆಯಿಂದ ಹೇಳುತ್ತೇನೆ: ಕರಬಸಪ್ಪನವರು.

ಇನ್ನು ಚಪ್ಪಾಳೆ ನಿಮಗೆ ಸೇರಿದ್ದು. ತಟ್ಟುವವರು ತಟ್ಟಿ. ಕೈ ಕಟ್ಟಿ ಕೂತವರು ಊಟ ಮಾಡಿಕೊಂಡು ಹೋಗಿ, ಮುಂದಿನ ಹಬ್ಬಕ್ಕೆ ತಪ್ಪದೆ ಬನ್ನಿ. ಇಷ್ಟು ಹೊತ್ತು ಕೇಳಿದ ನಿಮಗೆಲ್ಲ, ಅತಿಥಿಗಳಿಗೆ, ಅಡುಗೆಯವರಿಗೆ ಧನ್ಯವಾದಗಳು.

ಬಿಲ್ಕೀಸ್ ಅವರೇ, ಮೇಲೆ ಬನ್ನಿ. ಅಳುವುದಾದರೆ ಆಮೇಲೆ ಅಳಿ, ಈಗ ಬಳಗದ ಕೆಲಸವಿದೆ. ನಾನು ಕೆಳಗೆ ಹೋಗಿ ನಮ್ಮ ಶೈಲಜಾ ಪಕ್ಕ ಕೂರುತ್ತೇನೆ.

ಅಧ್ಯಕ್ಷರೇ, ನಿಮಗೆ ನಮಸ್ಕಾರ.