ರಟ್ಟಿನೊಳಗಿನ ಕಾಗದ

ಇದು ನಮ್ಮ ಪಕ್ಕದ ಮನೆಯ ನೀಲಕಂಠನಿಗೆ ಆದದ್ದು. ಅವನ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಗೋಡೆ. ಹಾಗಾಗಿ ಇದು ಅವರಿವರ ಬಾಯಿಂದ ಬಂದ ಮಾತಲ್ಲ.

ಕನ್ನಡದ ರಾಜ್ಯ ಒಂದಾಗಿ ಇನ್ನೂ ವರ್ಷ ತುಂಬಿರಲಿಲ್ಲ. ಯಾದಗಿರಿ ಮುಗಿದು ಹತ್ತಿಕುಣಿ ದಾರಿ ಹಿಡಿಯುವಲ್ಲಿ ನಮ್ಮ ಓಣಿ, ಓಣಿಯ ತುದಿಗೆ ಒಂದೇ ಖೋಲಿಯ ವಾಚನಾಲಯ. ಆ ರಾತ್ರಿ ನೀಲಕಂಠ ಜನರಿಗೆ ಪೇಪರು ಓದಿ ಹೇಳಿ, ಖೋಲಿಗೆ ಬೀಗ ಹಾಕಿ, ಕಂದೀಲು ಹಿಡಿದು ಮನೆಗೆ ಹೊರಟಾಗ ಹತ್ತು ದಾಟಿತ್ತು. ಆಲದ ಮರ ಬಂತು. ಮರದ ಕೆಳಗಿನ ಬಾವಿ ಬಂತು. ಬಾವಿಯೊಳಗೆ 'ಗುಳುಂ' ಅಂತ ಕೊಡ ಮುಳುಗಿದ ಸದ್ದು... ಆ ಬಾವಿ ಬತ್ತಿ ಎರಡು ಬೇಸಿಗೆ ಕಳೆದಿದ್ದವು.

"ಕಾಗದ ಬಂದದೇನ್ರಿ?"

ಹೆಣ್ಣು ದನಿ. ಹಿಂದಿನಿಂದ, ಪಿಸುಗುಟ್ಟಿದಂತೆ. ಯಾರೋ ಮುದುಕಿ ಇರಬೇಕು ಅಂದುಕೊಂಡ ಇವನು. ಓಣಿಯ ಟಪಾಲೆಲ್ಲ ವಾಚನಾಲಯಕ್ಕೇ ಬರುತ್ತಿತ್ತು, ಓದಲು ಬಾರದವರಿಗೆ ಓದಿ ಹೇಳುವುದೂ ಇವನ ಕೆಲಸವೇ. "ನಾಳಿಗಿ ಬಾರವ್ವ," ಅಂದ.

"ಎಂಟು ವರ್ಷಾತು, ನಾಳಿಗಿ ಅನ್ನಾಕತ್ತೀರಿ."

ತಿರುಗಿ ನೋಡಿದ. ಯಾರೂ ಇಲ್ಲ. ಧೂಳಿನಲ್ಲಿ ಒದ್ದೆ ಹೆಜ್ಜೆ ಮಾತ್ರ, ಅವನ ಹಿಮ್ಮಡಿಯವರೆಗೂ ಬಂದು ನಿಂತಿದ್ದವು.

ಈಗ ನೀಲಕಂಠನ ಸೊಕ್ಕಿನ ಮಾತು ಹೇಳಲೇಬೇಕು. ಅವನು ಕಲಿತದ್ದು ವಿಜಾಪುರದಲ್ಲಿ, ಸೋದರಮಾವನ ಮನೆಯಲ್ಲಿ. ನಮ್ಮ ನಿಜಾಮನ ಸೀಮೆಯಲ್ಲಿ ಶಾಲೆಗೆ ಹೋದವರಿಗೆಲ್ಲ ಉರ್ದು ಬರುತ್ತಿತ್ತು, ಇವನಿಗೆ ಮೊದಲಕ್ಷರವೂ ಗೊತ್ತಿರಲಿಲ್ಲ. ಅದನ್ನೇ ಹೆಮ್ಮೆ ಮಾಡಿಕೊಂಡಿದ್ದ. ಎಂಟು ವರ್ಷ ಬೀಗ ಬಿದ್ದಿದ್ದ ಖೋಲಿ ತೆಗೆಸಿದ ದಿನ, ಬಾಗಿಲ ಸಂದಿಯಿಂದ ಒಳಗೆ ಬಿದ್ದಿದ್ದ ಒಂದು ಕಾಗದ, ಕಪಾಟಿನಲ್ಲಿ ಒಂದು ಗಂಟು ಹಳೆಯ ಉರ್ದು ಹಾಳೆ ಸಿಕ್ಕವು. ಯಾರಿಗಾದರೂ ತೋರಿಸಬಹುದಿತ್ತು. ತೋರಿಸಲಿಲ್ಲ. "ಇನ್ನ ಇದೆಲ್ಲ ಯಾರಿಗಿ ಬೇಕು, ನಮ್ಮ ರಾಜ್ಯ ಬಂತಲ್ಲ," ಅಂದವನೇ ಮೈದಾ ಅಂಟು ಕಾಯಿಸಿ, ಹೊಸ ಕನ್ನಡ ಪುಸ್ತಕಗಳ ರಟ್ಟಿನ ಒಳಮೈಗೆ ಎಲ್ಲವನ್ನೂ ಮೆತ್ತಿಬಿಟ್ಟ. ಪುಸ್ತಕಗಳು ಗಟ್ಟಿಯಾದವು. ಓಣಿಯವರು ಶಹಬ್ಬಾಸ್ ಅಂದರು. ಮರುಳು ಮನುಷ್ಯ.

ಒದ್ದೆ ಹೆಜ್ಜೆ ಕಂಡ ಮರುದಿನ ಬಾಗಿಲು ತೆಗೆದರೆ ಪುಸ್ತಕಗಳೆಲ್ಲ ನೆಲದ ಮೇಲೆ. ಒಂದೊಂದರ ರಟ್ಟೂ ಉಗುರಿನಿಂದ ಕೆರೆದು ಸೀಳಿದಂತೆ. ಮೇಜಿನ ಮೇಲೆ ಒಂದೇ ಒಂದು ಕಾಗದ, ಎಲ್ಲೂ ಹರಿಯದೆ ಅಂಟು ಬಿಡಿಸಿದ್ದು, ತೊಪ್ಪೆಯಾಗಿ ನೆಂದಿತ್ತು.

ಹುಡುಗರ ಕಿತಾಪತಿ ಅಂತ ಅದನ್ನು ಒಣಗಿಸಿ ಮತ್ತೆ ಮೆತ್ತಿದ. ಅಂದು ರಾತ್ರಿ ಒಳಗಿದ್ದಾಗಲೇ ಕಪಾಟಿನಿಂದ ಸದ್ದು ಬಂತು. ಕರ್... ಕರ್... ಆಮೇಲೆ ಅಂಟು ಬಿಟ್ಟುಕೊಂಡ 'ಚರ್ರ್'. ಕಂದೀಲಿನ ಬತ್ತಿ ಕುಗ್ಗಿತು. ಮೇಜಿನ ಆಚೆ ನೀರು ತೊಟ್ಟಿಕ್ಕತೊಡಗಿತು, ತಟ್... ತಟ್...

"ಓದು."

"ನನಗ... ನನಗ ಆ ಲಿಪಿ ಬರಾಂಗಿಲ್ಲವ್ವ."

"ಓದಾಕ ಬರದವ ಈ ಕುರ್ಚಿಮ್ಯಾಲ ಯಾಕ ಕುಂತಿ? ನಾಳಿ ಓದು. ಓದಲಿಲ್ಲಂದ್ರ ನಿನ್ನ ಹೆಂಡ್ತಿ ಹೊಟ್ಟ್ಯಾಗಿಂದು ನಿಮಗ ಉಳಿಯಾಂಗಿಲ್ಲ."

ನೀಲಕಂಠನ ಹೆಂಡತಿ ಚಂದಮ್ಮನಿಗೆ ದಿನ ತುಂಬಿದ್ದವು. ಹಿಂದೆ ಎರಡು ಸಲ ಬಸಿರು ನಿಂತಿರಲಿಲ್ಲ. ಈ ಸಲವೂ ಹೋದರೆ ಅವಳು ಬದುಕುವುದಿಲ್ಲ ಅಂತ ನಮಗೆಲ್ಲ ಅನ್ನಿಸಿತ್ತು.

ಬೆಳಗಾಗುತ್ತಲೇ ಕಾಗದ ಹಿಡಿದು ಸ್ಟೇಷನ್ ಹತ್ತಿರ ಕಿರಾಣಿ ಇಟ್ಟಿದ್ದ ಜಗದೇವಪ್ಪನ ಬಳಿ ಓಡಿದ. ಮುದುಕ ಉರ್ದು ಬಲ್ಲವನು. ಕನ್ನಡಕ ಏರಿಸಿ ಓದಿದ, ಕನ್ನಡಕ ಇಳಿಸಿದ.

"ಇದು ಕುರಿ ಕಾಯೋ ಅಯ್ಯಮ್ಮಂದು," ಅಂತ ದನಿ ತಗ್ಗಿಸಿ ಹೇಳಿದ. "ಮಗ ಸಾಬಣ್ಣ ಹೈದರಾಬಾದಿಗಿ ಕೂಲಿಗಿ ಹೋಗಿದ್ದ. ಆವಾಗ ನಿಮ್ಮ ವಾಚನಾಲಯದಾಗ ಓದಿ ಹೇಳವ್ರು ಅಬ್ದುಲ್ ಕರೀಮ ಸಾಹೇಬ್ರು. ಅವ್ರು ತೀರಿಕೊಂಡ್ರು, ಖೋಲಿಗಿ ಸರ್ಕಾರದ ಮೊಹರು ಬಿತ್ತು. ಟಪಾಲಿನವ ಕಾಗದ ಸಂದ್ಯಾಗ ಹಾಕಿಬಿಟ್ಟ. ಆಕಿ ಬೀಗ ಒಡೀರಿ ಅಂತ ಮಂದಿ ಕಾಲಿಗಿ ಬಿದ್ಲು. ಯಾರೂ ಒಡೀಲಿಲ್ಲ, ನಾನೂ ಒಡೀಲಿಲ್ಲ. ಆಮ್ಯಾಲ ಬಾವಿಯಾಗ ಸಿಕ್ಲು."

"ಕಾಗದದಾಗ ಏನದ?"

"ಮಗ ಕಾಲರಾದಾಗ ಸತ್ತಾನಂತ." ಜಗದೇವಪ್ಪ ಕಾಗದ ಮಡಚಿ ಕೊಟ್ಟ. "ಇದ್ದದ್ದು ಇದ್ದಂಗ ಓದು. ಕರೀಮ ಸಾಹೇಬ್ರು ಸಾವಿನ ಕಾಗದಾನೂ ಹಂಗೇ ಓದ್ತಿದ್ರು, ಜೋಡಿ ಕುಂತು ಅಳ್ತಿದ್ರು."

ರಾತ್ರಿಯಾಯಿತು. ತಟ್... ತಟ್... ನೀಲಕಂಠ ಕಾಗದ ಬಿಡಿಸಿದ. ಸತ್ತಾನೆ ಅಂದರೆ ಇವಳ ಸಿಟ್ಟು ಯಾರ ಮೇಲೆ ಬೀಳುತ್ತದೆ? ಚಂದಮ್ಮನ ಮುಖ ಕಣ್ಣಮುಂದೆ ಬಂತು, ನಾಲಿಗೆ ಹೊರಳಿತು.

"ಸಾಬಣ್ಣ ಚಲೋ ಇದ್ದಾನವ್ವ. ಬರ್ತೀನಿ ಅಂತ ಬರಸ್ಯಾನ."

ತೊಟ್ಟಿಕ್ಕುವುದು ನಿಂತಿತು. "ಯಾವತ್ತು?"

"ಈ... ಅಮಾಸಿಗಿ."

"ನನ್ನ ಗುಡಿಸಲ ಬಿದ್ದು ಹೋಗ್ಯಾದ. ಎಲ್ಲಿಗಿ ಬರ್ತಾನ?"

ಅವಳು ಇಲ್ಲಿಂದ ತೊಲಗಿದರೆ ಸಾಕಾಗಿತ್ತು ಅವನಿಗೆ. "ನಮ್ಮ ಮನಿಗೇ ಬರ್ತಾನ."

ಆಮೇಲೆ ಬಾಗಿಲ ಚಿಲಕ 'ಖಟ್' ಅಂತ ತಾನೇ ಬಿಚ್ಚಿತು. ಒದ್ದೆ ಹೆಜ್ಜೆ ಹೊರಗೆ ಹೋದವು. ಬಾವಿಯ ಕಡೆಗಲ್ಲ, ಓಣಿಯ ಕಡೆಗೆ.

ಅಮಾವಾಸ್ಯೆಯ ಬೆಳಿಗ್ಗೆ ಚಂದಮ್ಮನಿಗೆ ಬೇನೆ ಬಂತು. ನಮ್ಮ ಮನೆಯಿಂದಲೇ ಬಿಸಿನೀರು ಹೋದದ್ದು. ದೀಪ ಹಚ್ಚುವ ಹೊತ್ತಿಗೆ ಗಂಡು ಹುಟ್ಟಿತು, ದುಂಡುದುಂಡಗೆ, ಕುಯ್ ಅಂತ ಅಳುತ್ತಾ. ಓಣಿಗೆಲ್ಲ ಬೆಲ್ಲ ಹಂಚಿದರು. ನೀಲಕಂಠ ಒಬ್ಬನೇ ಗೋಡೆಗೊರಗಿ ಬೆವರುತ್ತಿದ್ದ. ತಾನು ಕೊಟ್ಟ ದಿನ, ತಾನು ಹೇಳಿದ ಮನೆ... ಎಲ್ಲ ಅವನಿಗೆ ಆಗ ಹೊಳೆಯಿತು.

ಬೆಲ್ಲದ ತಟ್ಟೆ ಅಲ್ಲೇ ಬಿಟ್ಟು ವಾಚನಾಲಯಕ್ಕೆ ಓಡಿದ. ಕಾಗದ ತೆಗೆದು ಕತ್ತಲಿಗೆ ಮುಖ ಮಾಡಿ ನಿಂತ.

"ಅಯ್ಯಮ್ಮ, ನಾ ಸುಳ್ಳು ಓದೀನಿ. ನಿನ್ನ ಮಗ ಸತ್ತಾನ. ಇದರಾಗ ಹಂಗೇ ಬರದದ. ನನ್ನ ಮ್ಯಾಲ ಸಿಟ್ಟು ಮಾಡು, ಕೂಸಿನ ಮ್ಯಾಲ ಬ್ಯಾಡ."

ಕಿವಿಯ ಹತ್ತಿರವೇ, ತಣ್ಣಗೆ:

"ಈಗ ಸುಳ್ಳು ಓದಾಕತ್ತೀ. ಬಂದಾನ. ನಾ ನೋಡೀನಿ."

ಅಷ್ಟೇ. ಮತ್ತೆ ಅವಳು ಮಾತಾಡಲಿಲ್ಲ. ನೀಲಕಂಠ ಸುತ್ತದ ಗುಡಿಯಿಲ್ಲ, ಕಟ್ಟದ ತಾಯಿತವಿಲ್ಲ. ಮಗನಿಗೆ ಸಂಗಣ್ಣ ಅಂತ ಹೆಸರಿಟ್ಟರು. ಒಂದು ಕೆಮ್ಮಿಲ್ಲ, ಒಂದು ಜ್ವರವಿಲ್ಲ, ಚೆನ್ನಾಗಿಯೇ ಬೆಳೆದ. ನೀಲಕಂಠ ಅಯ್ಯಮ್ಮನ ಹೆಸರನ್ನು ಮನೆಯಲ್ಲಿ ಒಮ್ಮೆಯೂ ಎತ್ತಲಿಲ್ಲ. ಚಂದಮ್ಮನಿಗಾಗಲಿ ನಮಗಾಗಲಿ ಆ ಹೆಸರೇ ಗೊತ್ತಿರಲಿಲ್ಲ; ನಾವೆಲ್ಲ ಅವಳು ಸತ್ತ ಮೇಲೆ ಬಂದು ಮನೆ ಕಟ್ಟಿದವರು. ಇಷ್ಟನ್ನೂ ಅವನು ನನ್ನ ಮುಂದೆ ಹೇಳಿದ್ದು ಆರು ವರ್ಷದ ಮೇಲೆ, ನಮ್ಮ ಮಕ್ಕಳನ್ನು ಶಾಲೆಗೆ ಹಚ್ಚಿದ ದಿನ ರಾತ್ರಿ.

ಅವತ್ತು ನಾನೂ ಅಲ್ಲೇ ಇದ್ದೆ. ಮಾಸ್ತರು ಸಂಗಣ್ಣನನ್ನು ಮುಂದೆ ಕರೆದು ಹೆಸರು ಕೇಳಿದರು, ಹೇಳಿದ. ಅಪ್ಪನ ಹೆಸರು ಕೇಳಿದರು, ಹೇಳಿದ.

"ನಿಮ್ಮವ್ವನ ಹೆಸರೇನಪ?"

ಹುಡುಗ ಚಂದಮ್ಮನ ಬೆರಳು ಹಿಡಿದುಕೊಂಡೇ ನಿಂತಿದ್ದ.

"ಅಯ್ಯಮ್ಮ," ಅಂದ.

ನನ್ನ ಈ ಎರಡು ಕಿವಿಯಲ್ಲೇ ಕೇಳಿದ್ದೀನಿ.